ಜೋಳದ ನಾಡಿನಲ್ಲಿ ಬಾರ್ಲಿಯ ಬಿಯರ್

ಪೋಲೆಂಡಿನ ವಾರ್ಸಾ, ಪೊಜ್ನಾನ್, ಕ್ರಾಕೋವ್ ನಗರಗಳ ಬಾರುಗಳಲ್ಲಿ ಗೋಡೆಯುದ್ದಕ್ಕೂ ಹತ್ತಾರು ನಲ್ಲಿಗಳ ಸಾಲು ಕಾಣುವುದು ಈಗ ಸಾಮಾನ್ಯ. ಒಂದೊಂದು ನಲ್ಲಿಗೂ ಒಂದೊಂದು ಸಣ್ಣ ತಯಾರಕರ ಬಿಯರ್. ಗಿರಾಕಿಗಳು ಪುಟ್ಟ ಲೋಟಗಳಲ್ಲಿ ನಾಲ್ಕೈದು ಬಗೆ ತರಿಸಿಕೊಂಡು, ಗುಟುಕು ಗುಟುಕಾಗಿ ರುಚಿ ನೋಡಿ, ಯಾವುದರ ಬಗ್ಗೆಯಾದರೂ ತಕರಾರು ತೆಗೆಯುತ್ತ ಕೂತಿರುತ್ತಾರೆ. 2011ರಲ್ಲಿ ಪಿಂಟಾ ಎಂಬ ಪುಟ್ಟ ಸಂಸ್ಥೆ ಕಹಿ ಹಾಪ್ಸ್‌ನ ಘಾಟಿರುವ ‘ಅಟಾಕ್ ಖ್ಮಿಯೆಲು’ ಎಂಬ ಬಿಯರನ್ನು ಹೊರತಂದ ಮೇಲೆ ಆ ದೇಶದಲ್ಲಿ ಈ ಗೀಳು ಹಬ್ಬಿತು ಎನ್ನುತ್ತಾರೆ. ಆದರೆ ಆ ನಲ್ಲಿಗಳ ಸಾಲಿನಲ್ಲಿ ನಮ್ಮವರು ಗಮನಿಸಬೇಕಾದದ್ದು ಅಮೆರಿಕದ ದಾರಿ ಹಿಡಿದ ಆ ಕಹಿ ಬಿಯರನ್ನಲ್ಲ. ಪೊಜ್ನಾನ್‌ನಿಂದ ಹೆಚ್ಚು ದೂರವಿಲ್ಲದ ಗ್ರೊಜಿಸ್ಕ್ ಎಂಬ ಸಣ್ಣ ಪಟ್ಟಣದ ಹೆಸರು ಹೊತ್ತ ‘ಗ್ರೊಜಿಸ್ಕಿಯೆ’ಯನ್ನು. ಗೋಧಿಯನ್ನು ಮೊಳಕೆ ಕಟ್ಟಿ, ಓಕ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿ ಮಾಡುವ ಈ ಬಿಯರಿನಲ್ಲಿ ಮದ್ಯಸಾರ ಶೇ 3ರ ಆಸುಪಾಸಿನಲ್ಲಷ್ಟೇ ಇರುತ್ತದೆ. ನೊರೆ ಮಾತ್ರ ಧಾರಾಳ. ಹಳಬರು ಇದನ್ನು ಪೋಲೆಂಡಿನ ಷಾಂಪೇನ್ ಎಂದು ಕರೆದದ್ದುಂಟು. ಶತಮಾನಗಳ ಇತಿಹಾಸವಿದ್ದ ಈ ಪಾನೀಯದ ಕಾರ್ಖಾನೆ 1993ರಲ್ಲಿ ಬಾಗಿಲು ಹಾಕಿತು. ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಿಗಳು ಹಳೆಯ ಯೀಸ್ಟ್ ಹುಡುಕಿ, ಅಲ್ಲಿ ದುಡಿದವರನ್ನು ವಿಚಾರಿಸಿ, ಕಾಗದಪತ್ರ ಕೆದಕಿ ಅದರ ವಿಧಾನವನ್ನು ಮರಳಿ ಕಟ್ಟಿದರು. 2015ರಲ್ಲಿ ಗ್ರೊಜಿಸ್ಕ್‌ನಲ್ಲೇ ಕಾರ್ಖಾನೆ ಮತ್ತೆ ಶುರುವಾಯಿತು. ಹೀಗೆ ಒಂದು ಊರು, ಅದರ ಕಾಳು ಮತ್ತು ಬಾವಿಯ ನೀರು ಒಂದೇ ಹೆಸರಿನಡಿ ಲೋಟಕ್ಕೆ ಮರಳಿದವು.

ಕರ್ನಾಟಕದಲ್ಲಿ ‘ನಮ್ಮೂರಿನ ಕ್ರಾಫ್ಟ್ ಬಿಯರ್’ ಎಂಬ ಮಾತು ಕೇಳಿಬಂದಾಗಲೆಲ್ಲ ಈ ಗ್ರೊಜಿಸ್ಕ್ ನೆನಪಾಗಬೇಕು. ಬೆಂಗಳೂರಿಗೆ ಬಿಯರ್ ಹೊಸದಲ್ಲ. ದಂಡಿನ ಸಿಪಾಯಿಗಳಿಗಾಗಿ ದಕ್ಷಿಣ ಭಾರತದಲ್ಲಿ ಹುಟ್ಟಿಕೊಂಡಿದ್ದ ಐದು ಬಿಯರ್ ಕಾರ್ಖಾನೆಗಳನ್ನು 1915ರಲ್ಲಿ ಥಾಮಸ್ ಲೀಷ್‌ಮನ್ ಒಗ್ಗೂಡಿಸಿದಾಗಲೇ ಯುನೈಟೆಡ್ ಬ್ರೂವರೀಸ್ ಹುಟ್ಟಿತು. 1980ರ ದಶಕದಲ್ಲಿ ಪಬ್ಬುಗಳು ಬಂದವು. ಅಂಗಳದಲ್ಲೇ ತಾಮ್ರದ, ಉಕ್ಕಿನ ತೊಟ್ಟಿ ಇಟ್ಟು ಬಿಯರ್ ತಯಾರಿಸಿ ಅಲ್ಲೇ ಬಡಿಸುವ ಮೈಕ್ರೊಬ್ರೂವರಿಗಳು 2010–11ರ ಹೊತ್ತಿಗೆ ಶುರುವಾದವು. ಇಂದಿರಾನಗರದ ‘ಟಾಯ್ಟ್’, ಲ್ಯಾವೆಲ್ ರಸ್ತೆಯ ‘ಬಿಯರ್ ಕ್ಲಬ್’ ಮೊದಲು ಬಂದವು, ಆಮೇಲೆ ‘ಆರ್ಬರ್’, ‘ವಿಂಡ್‌ಮಿಲ್ಸ್’. ಇಂದು ದೇಶದ ಯಾವ ನಗರದಲ್ಲೂ ಇಲ್ಲದಷ್ಟು ಗಿಜಿಗಿಜಿ ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲಿದೆ. ಆದರೆ ಆ ತೊಟ್ಟಿಯೊಳಗೆ ಏನಿದೆ ಎಂದು ಕೇಳಿದರೆ ಉತ್ತರ ಸ್ವಲ್ಪ ಪೇಚಿನದು. ಬಾರ್ಲಿಯ ಮಾಲ್ಟ್ ಜರ್ಮನಿ, ಬೆಲ್ಜಿಯಮ್ಮಿನಿಂದ ಬರುತ್ತದೆ, ಇಲ್ಲವೆಂದರೆ ರಾಜಸ್ಥಾನ, ಹರಿಯಾಣದ ಕಡೆಯಿಂದ. ಹಾಪ್ಸ್ ಬಹುಪಾಲು ಹೊರದೇಶದ್ದು. ಭಾರತದಲ್ಲಿ ಅದು ಬೆಳೆಯುವುದು ಹಿಮಾಚಲದ ಲಾಹೌಲ್ ಕಣಿವೆಯಂಥ ತಂಪು ಜಾಗದಲ್ಲಿ ಮಾತ್ರ. ಯೀಸ್ಟ್ ಪೊಟ್ಟಣದಲ್ಲಿ ಬರುತ್ತದೆ. ನಮ್ಮದು ಎನ್ನಲು ಉಳಿಯುವುದು ನೀರು, ಅದೂ ಕಾವೇರಿಯದು ಅಥವಾ ಕೊಳವೆಬಾವಿಯದು, ಶೋಧಿಸಿ ಅದರ ಗುಣವನ್ನೇ ಅಳಿಸಿಹಾಕಿದ್ದು. ಆಗೊಮ್ಮೆ ಈಗೊಮ್ಮೆ ಮಾವಿನ ಹಣ್ಣಿನ ಬಿಯರ್, ಕೊಡಗಿನ ಕಾಫಿಯ ಸ್ಟೌಟ್, ಅಪರೂಪಕ್ಕೆ ರಾಗಿಯ ಬಿಯರ್ ಕಾಣುತ್ತವೆ ನಿಜ. ಆದರೆ ಅವು ಹಬ್ಬದ ಅಡುಗೆ, ನಿತ್ಯದ ಊಟವಲ್ಲ. ಟಾಯ್ಟ್‌ನ ಜನಪ್ರಿಯ ಬಿಯರುಗಳಲ್ಲೊಂದು ‘ಬಾಸ್ಮತಿ ಬ್ಲಾಂಡ್’. ಅಕ್ಕಿಯ ಹೆಸರನ್ನು ಲೋಟದ ಮೇಲೆ ಬರೆಯುವ ಧೈರ್ಯ ಮೆಚ್ಚತಕ್ಕದ್ದೇ. ಆದರೆ ಹಾಗೆ ಹೆಸರು ಪಡೆದದ್ದು ಹಿಮಾಲಯದ ತಪ್ಪಲಿನ ಅಕ್ಕಿ, ನಮ್ಮ ಜೋಳವಲ್ಲ, ರಾಗಿಯಲ್ಲ.

ಈ ಸಂಗತಿಯನ್ನು ಹಾವೇರಿ ಜಿಲ್ಲೆಯಿಂದ ನೋಡಿದರೆ ಅದರ ವ್ಯಂಗ್ಯ ಹೆಚ್ಚು ನಾಟುತ್ತದೆ. ಬಾಡದಲ್ಲಿ ಹುಟ್ಟಿ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ನೆಲೆಯಾದ ಕನಕದಾಸರು ‘ರಾಮಧಾನ್ಯ ಚರಿತೆ’ ಬರೆದರು. ಅಕ್ಕಿಗೂ ರಾಗಿಗೂ ಯಾರು ಮೇಲು ಎಂಬ ಜಗಳ ಹುಟ್ಟಿ, ರಾಮನ ಮುಂದೆ ನ್ಯಾಯ ನಡೆದು, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಕಸುವು ಉಳಿಸಿಕೊಂಡದ್ದು ರಾಗಿ. ಐನೂರು ವರ್ಷಗಳ ಹಿಂದೆಯೇ ಈ ಜಿಲ್ಲೆಯ ಕವಿ ಕೊಡಿಸಿದ ಆ ತೀರ್ಪನ್ನು ರಾಜಧಾನಿಯ ಬಿಯರ್ ತೊಟ್ಟಿ ಇನ್ನೂ ಓದಿಲ್ಲ. ವರದಾ ನದಿ ತುಂಗಭದ್ರೆಯನ್ನು ಸೇರುವ ಗಳಗನಾಥದ ಸುತ್ತಿನ ಎರೆ ಭೂಮಿಯಲ್ಲಿ ಹಿಂಗಾರಿಗೆ ಬಿಳಿಜೋಳ ಬರುತ್ತದೆ. ಮುಂಗಾರಿಗೆ ಜಿಲ್ಲೆಯ ಬಹುಪಾಲು ಹೊಲ ಈಗ ಗೋವಿನಜೋಳದ ಪಾಲಾಗಿದೆ. ಆ ಗೋವಿನಜೋಳ ರಾಣೆಬೆನ್ನೂರು, ಹಾವೇರಿಯ ಮಾರುಕಟ್ಟೆ ಅಂಗಳಗಳಲ್ಲಿ ರಾಶಿ ಬಿದ್ದು, ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ, ಈಚೆಗೆ ಎಥೆನಾಲಿಗೆ ಹೋಗುತ್ತದೆ. ದೊಡ್ಡ ಕಂಪನಿಗಳ ಬಾಟಲಿ ಬಿಯರಿಗೂ ಬಾರ್ಲಿಯ ಜತೆ ಗೋವಿನಜೋಳದ ಅಥವಾ ಅಕ್ಕಿಯ ಅವಲಕ್ಕಿಯನ್ನು ಖರ್ಚು ಉಳಿಸಲೆಂದು ಸೇರಿಸುವುದುಂಟು. ಅಂದರೆ ನಮ್ಮ ಕಾಳು ಬಿಯರಿಗೆ ಹೋಗುತ್ತಿಲ್ಲ ಎಂದಲ್ಲ. ಹೋದಾಗ ಹೆಸರಿಲ್ಲದೆ, ಅಗ್ಗದ ಪಿಷ್ಟವಾಗಿ ಹೋಗುತ್ತದೆ. ಹೆಸರಿಲ್ಲದ ಸರಕಿಗೆ ದರ ಕಟ್ಟುವವನು ಯಾವಾಗಲೂ ಕೊಳ್ಳುವವನೇ. 2025ರ ನವೆಂಬರಿನಲ್ಲಿ ಗೋವಿನಜೋಳದ ದರ ಬೆಂಬಲ ಬೆಲೆಯಾದ ಕ್ವಿಂಟಲಿಗೆ 2,400 ರೂಪಾಯಿಗಿಂತ ಬಹಳ ಕೆಳಗಿಳಿದು, ಗದಗ–ಹಾವೇರಿ ಭಾಗದ ರೈತರು ರಸ್ತೆಗಿಳಿದದ್ದನ್ನು ಓದುಗರು ಮರೆತಿರಲಾರರು.

ನನ್ನ ವಾದ ಇಷ್ಟೇ: ಮೈಕ್ರೊಬ್ರೂವರಿಗಳಿಗೆ ಸರ್ಕಾರ ಯಾವುದೇ ರಿಯಾಯಿತಿ ಕೊಡುವುದಾದರೆ, ಅದನ್ನು ಲೋಟದೊಳಗಿನ ಕಾಳಿಗೆ ಕಟ್ಟಬೇಕು. ಕರ್ನಾಟಕದಲ್ಲಿ ಬೆಳೆದ ಜೋಳ, ರಾಗಿ, ನವಣೆ, ಗೋವಿನಜೋಳ ಎಷ್ಟು ಪಾಲು ಬಿದ್ದಿದೆಯೋ ಅಷ್ಟು ಪಾಲು ತೆರಿಗೆ ಹಗುರ. ಆ ಕಾಳಿನ ತಳಿ ಮತ್ತು ಸೀಮೆಯ ಹೆಸರು ದರಪಟ್ಟಿಯ ಮೇಲೆ ಕಡ್ಡಾಯ. ಮದ್ಯಸಾರ ಕಡಿಮೆಯಿದ್ದಷ್ಟೂ ರಿಯಾಯಿತಿ ಹೆಚ್ಚು. ಆಮದು ಮಾಲ್ಟ್‌ನಿಂದ ಮಾಡಿದ ಬಿಯರನ್ನು ಯಾರೂ ತಡೆಯಬೇಕಿಲ್ಲ. ಆದರೆ ಅದು ‘ಸ್ಥಳೀಯ’ ಎಂಬ ಬಿರುದನ್ನೂ ಅದರ ಲಾಭವನ್ನೂ ಕೇಳಬಾರದು. ಇನ್ನೊಂದು ಮಾತು ಸ್ವಲ್ಪ ವಿಚಿತ್ರವಾಗಿ ಕೇಳಿಸಬಹುದು. ಇದಕ್ಕಾಗಿ ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಒಂದೇ ಒಂದು ಹೊಸ ಬಾರು ತೆರೆಯಬೇಕಿಲ್ಲ. ಜಿಲ್ಲೆಗೆ ಬೇಕಾದದ್ದು ಮಾಲ್ಟ್ ಮನೆ: ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಹದವಾಗಿ ಒಣಗಿಸಿ, ಬೇರು ಉದುರಿಸಿ ಚೀಲ ತುಂಬುವ ಘಟಕ. ಅದರೊಳಗೆ ಅಮಲಿನ ಹನಿಯೂ ಇರುವುದಿಲ್ಲ. ಅದೇ ಘಟಕದ ರಾಗಿ ಮಾಲ್ಟ್ ಮಗುವಿನ ಗಂಜಿಗೂ ಆಗುತ್ತದೆ, ಶಾಲೆಯ ಹಾಲಿಗೂ ಆಗುತ್ತದೆ. ರಾಜ್ಯದ ಶಾಲೆಗಳಲ್ಲಿ 2024ರ ಫೆಬ್ರವರಿಯಿಂದ ಹಾಲಿನ ಜತೆ ರಾಗಿ ಮಾಲ್ಟ್ ಕೊಡುತ್ತಿದ್ದಾರಲ್ಲ, ಅದಕ್ಕೂ ಕೆಲಸದ ಮೊದಲ ಹಂತ ಇದೇ.

ಇದು ಸರ್ಕಾರಕ್ಕೆ ಗೊತ್ತಿಲ್ಲದ ದಾರಿಯೇನಲ್ಲ. 2007ರಲ್ಲಿ ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಅದರ ತರ್ಕ ನೇರವಾಗಿತ್ತು: ದ್ರಾಕ್ಷಿ ಬೆಳೆಗಾರ ಉಳಿಯಬೇಕು, ಆದ್ದರಿಂದ ನಂದಿ ಕಣಿವೆಯ, ಕೃಷ್ಣಾ ಕಣಿವೆಯ ದ್ರಾಕ್ಷಿಯ ವೈನನ್ನು ವಿಸ್ಕಿ, ಬ್ರಾಂದಿಯ ಸಾಲಿನಲ್ಲಿಟ್ಟು ನೋಡಬಾರದು. ವೈನಿಗೆಂದೇ ಮಂಡಳಿ ಬಂತು, ಮೇಳಗಳು ನಡೆದವು. ವಿಜಯಪುರದ ದ್ರಾಕ್ಷಿಗೆ ಸಿಕ್ಕ ಈ ಮರ್ಯಾದೆ ಮಳೆಯನ್ನೇ ನಂಬಿದ ಜೋಳಕ್ಕೆ ಏಕೆ ಸಿಗಬಾರದು? ಅತ್ತ 2019ರಿಂದ ‘ರೈತಸಿರಿ’ ಹೆಸರಿನಲ್ಲಿ ಸಿರಿಧಾನ್ಯ ಬೆಳೆದವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿದ್ದಾಯಿತು. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ್ದೂ ಆಯಿತು. ಬೆಳೆಯುವವನಿಗೆ ಹಣ ಕೊಟ್ಟು ಕೊಳ್ಳುವವನನ್ನು ಹುಡುಕದಿದ್ದರೆ, ಪ್ರೋತ್ಸಾಹಧನ ನಿಂತ ವರ್ಷವೇ ಹೊಲಕ್ಕೆ ಗೋವಿನಜೋಳ ಮರಳುತ್ತದೆ. ಜೋಳಕ್ಕೂ ಸಿರಿಧಾನ್ಯಕ್ಕೂ ನಗರದಲ್ಲಿ ಒಳ್ಳೆಯ ದರ ಕೊಡಬಲ್ಲ ಗಿರಾಕಿ ಬೇಕು. ನಗರದ ಬಿಯರ್ ಕುಡಿಯುವವನಷ್ಟು ಲೆಕ್ಕ ನೋಡದೆ ಕೊಡುವ ಗಿರಾಕಿ ಬೇರೆ ಯಾರಿದ್ದಾರೆ?

ಲೆಕ್ಕವನ್ನೇ ಹಾಕೋಣ. ಸಾಧಾರಣ ತೀಕ್ಷ್ಣತೆಯ ಒಂದು ಲೀಟರ್ ಬಿಯರಿಗೆ ಸುಮಾರು 200 ಗ್ರಾಂ ಮಾಲ್ಟ್ ಬೇಕು. ಸಾವಿರ ಲೀಟರಿನ ಒಂದು ತೊಟ್ಟಿಗೆ ಎರಡು ಕ್ವಿಂಟಲ್. ಅದರಲ್ಲಿ ಅರ್ಧ ಜೋಳ ಹಾಕಿದರೆ ಒಂದು ಕ್ವಿಂಟಲ್. 2025–26ರಲ್ಲಿ ಹೈಬ್ರಿಡ್ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,699 ರೂಪಾಯಿ, ಮಾಲದಂಡಿ ತಳಿಗೆ 3,749. ಅಂದರೆ ಲೀಟರಿಗೆ ಮೂರು ರೂಪಾಯಿ ಎಪ್ಪತ್ತು ಪೈಸೆಯ ಚಿಲ್ಲರೆ, ಅರ್ಧ ಲೀಟರಿನ ಲೋಟಕ್ಕೆ ಎರಡು ರೂಪಾಯಿಯೂ ಇಲ್ಲ. ಬೆಂಗಳೂರಿನಲ್ಲಿ ಅಂಥ ಲೋಟಕ್ಕೆ ಗಿರಾಕಿ ಕೊಡುವುದು ನೂರಾರು ರೂಪಾಯಿ. ರೈತನಿಗೆ ಬೆಂಬಲ ಬೆಲೆಯ ಎರಡರಷ್ಟು ಕೊಟ್ಟರೂ, ಮಾಲ್ಟ್ ಮಾಡುವಾಗ ಆಗುವ ತೂಕದ ನಷ್ಟ ಸೇರಿಸಿಕೊಂಡರೂ, ಲೋಟದ ಮೇಲೆ ಬೀಳುವ ಹೊರೆ ಎರಡು–ಮೂರು ರೂಪಾಯಿ. ಬಾರಿನವರು ತಟ್ಟೆಯಲ್ಲಿ ತಂದಿಡುವ ಶೇಂಗಾಕ್ಕೂ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಕ್ರಾಫ್ಟ್ ಬಿಯರಿನ ಬೆಲೆಯಲ್ಲಿ ಕಾಳಿನ ಪಾಲು ಇಷ್ಟು ಸಣ್ಣದಾಗಿರುವುದರಿಂದಲೇ ಅಲ್ಲಿ ರೈತನಿಗೆ ಉದಾರವಾಗುವುದು ಸಾಧ್ಯ. ಕೋಳಿ ಆಹಾರದ ಗಿರಣಿಗೆ ಆ ಉದಾರತೆ ತೋರಿಸಲು ಬರುವುದಿಲ್ಲ; ಅದರ ಖರ್ಚಿನ ಬಹುಭಾಗ ಕಾಳೇ ಆಗಿರುತ್ತದೆ.

ಇದೇ ಲೆಕ್ಕ ನನ್ನ ವಿರುದ್ಧವೂ ತಿರುಗುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ತೊಟ್ಟಿಗೊಂದು ಕ್ವಿಂಟಲ್ ಎಂದರೆ ಹಾವೇರಿ ಜಿಲ್ಲೆಯ ಸುಗ್ಗಿಯ ರಾಶಿಯ ಮುಂದೆ ಚಿಟಿಕೆಯಷ್ಟು. ಬೆಂಗಳೂರಿನ ಮೈಕ್ರೊಬ್ರೂವರಿಗಳೆಲ್ಲ ಸೇರಿ ಜೋಳ ಕೊಂಡರೂ ಗೋವಿನಜೋಳದ ದರದ ಸಂಕಟ ಒಂದಿಂಚೂ ಕದಲುವುದಿಲ್ಲ. ಆ ಸಂಕಟಕ್ಕೆ ಪರಿಹಾರ ಖರೀದಿ ಕೇಂದ್ರದಲ್ಲಿ, ಎಥೆನಾಲ್ ಹಂಚಿಕೆಯಲ್ಲಿ, ಆಮದು ನೀತಿಯಲ್ಲಿ ಇದೆ. ಬಿಯರ್ ಲೋಟದಲ್ಲಿ ಅದನ್ನು ಹುಡುಕುವವರು ರೈತನಿಗೆ ಮೋಸ ಮಾಡುತ್ತಾರೆ. ಈ ಸಲಹೆಯಿಂದ ನೆರವಾಗುವುದು ಕೆಲವು ನೂರು ಎಕರೆಗೆ, ಕೆಲವು ಹಳ್ಳಿಗಳಿಗೆ, ಹೊಲದಿಂದ ಮರೆಯಾಗುತ್ತಿರುವ ಕೆಲವು ತಳಿಗಳಿಗೆ. ಅಷ್ಟಕ್ಕೇ ಒಂದು ತೆರಿಗೆ ನಿಯಮ ಬೇಕೇ ಎಂದರೆ, ಬೇಕು ಎನ್ನುತ್ತೇನೆ. ಬ್ಯಾಡಗಿ ಮೆಣಸಿನಕಾಯಿಯನ್ನು ನೋಡಿ. ಖಾರ ಕಡಿಮೆ, ಕೆಂಪು ಹೆಚ್ಚು ಎಂಬ ಗುಣಕ್ಕೆ ಊರಿನ ಹೆಸರು ಅಂಟಿಕೊಂಡಿತು. ಡಬ್ಬಿ, ಕಡ್ಡಿ ಎಂಬ ಬಗೆಗಳನ್ನು ಕೊಳ್ಳುವವರು ಕಣ್ಣಳತೆಯಲ್ಲೇ ಬೇರೆ ಮಾಡುತ್ತಾರೆ. ಬಣ್ಣ ತೆಗೆಯುವ ಕಾರ್ಖಾನೆಗಳು ಅದನ್ನೇ ಹುಡುಕಿಕೊಂಡು ಬಂದವು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅದೇ ಹೊಲದ ಪಕ್ಕದ ಜೋಳಕ್ಕೆ ಯಾವ ಹೆಸರೂ ಇಲ್ಲ. ಹೆಸರಿದ್ದರೆ ಸಾಕೇ ಎಂಬ ಪ್ರಶ್ನೆಗೂ ಬ್ಯಾಡಗಿಯೇ ಉತ್ತರ ಕೊಟ್ಟಿದೆ: 2024ರ ಮಾರ್ಚಿನಲ್ಲಿ ದರ ಕುಸಿದಾಗ ಅಲ್ಲಿನ ಎಪಿಎಂಸಿ ಅಂಗಳದಲ್ಲಿ ರೈತರ ಸಿಟ್ಟು ಬೆಂಕಿಯಾಯಿತು, ವಾಹನಗಳು ಸುಟ್ಟವು. ಹರಾಜಿನ ಅಂಗಳದಲ್ಲಿ ಹೆಸರು ಒಬ್ಬಂಟಿಯಾಗಿ ರೈತನನ್ನು ಕಾಯಲಾರದು. ಅದರ ಜತೆ ಮೊದಲೇ ಗೊತ್ತು ಮಾಡಿದ ದರದ ಕರಾರು ಬೇಕು. ರಿಯಾಯಿತಿಯ ಷರತ್ತಿನಲ್ಲೇ, ರೈತ ಉತ್ಪಾದಕ ಕಂಪನಿಯಿಂದ ಬೆಂಬಲ ಬೆಲೆಗಿಂತ ಇಷ್ಟು ಮೇಲೆ, ಬಿತ್ತನೆಗೆ ಮುಂಚೆ ಬರೆದುಕೊಂಡ ಕರಾರಿನ ಮೇಲೆ ಕೊಂಡ ಕಾಳಿಗೆ ಮಾತ್ರ ಎಂದು ಸೇರಿಸುವುದು ಇದೇ ಕಾರಣಕ್ಕೆ.

ಜೋಳದಲ್ಲಿ ಬಿಯರ್ ಆಗುತ್ತದೆಯೇ ಎಂಬ ಅನುಮಾನಕ್ಕೆ ಆಫ್ರಿಕಾ ಬಹಳ ಹಿಂದೆಯೇ ಉತ್ತರಿಸಿದೆ. ದಕ್ಷಿಣ ಆಫ್ರಿಕಾದ ಮನೆಗಳಲ್ಲಿ ಹೆಂಗಸರು ಜೋಳದ ಮಾಲ್ಟ್ ಮತ್ತು ಗೋವಿನಜೋಳದ ಹಿಟ್ಟಿನಿಂದ ಮಾಡುವ ‘ಉಮ್‌ಕೊಂಬೋತಿ’ ಮಂದವಾಗಿ, ಹುಳಿಯಾಗಿ, ಸ್ವಲ್ಪವೇ ಅಮಲಿರುವ ಪಾನೀಯ. ಜೋಳದ ಅಂಬಲಿ, ಹುಳಿ ನುಚ್ಚು ಉಂಡ ನಾಲಿಗೆಗೆ ಅದರ ರುಚಿ ಅಪರಿಚಿತವೇನೂ ಆಗಲಾರದು. ಇನ್ನು ರಾಗಿಯ ವಿಷಯದಲ್ಲಿ ಅಷ್ಟು ದೂರವೂ ಹೋಗಬೇಕಿಲ್ಲ. ನೇಪಾಳ, ಸಿಕ್ಕಿಮ್ಮಿನ ‘ತೊಂಗ್ಬಾ’ ಎಂದರೆ ಹುಳಿ ಬಂದ ರಾಗಿಯನ್ನು ಬಿದಿರಿನ ಕೊಳವೆಗೆ ತುಂಬಿ, ಬಿಸಿನೀರು ಹೊಯ್ದು ಹೀರುವ ಪಾನೀಯ. ದೊಡ್ಡ ಕಾರ್ಖಾನೆಯ ಮಟ್ಟದಲ್ಲಿ ಪರೀಕ್ಷೆ ನಡೆದದ್ದು ನೈಜೀರಿಯಾದಲ್ಲಿ. ವಿದೇಶಿ ವಿನಿಮಯ ಬರಿದಾದಾಗ ಆ ದೇಶ 1988ರಲ್ಲಿ ಬಾರ್ಲಿ ಮಾಲ್ಟ್ ಆಮದನ್ನು ನಿಷೇಧಿಸಿತು. ಗಿನೆಸ್ ಸಹಿತ ಎಲ್ಲ ಕಂಪನಿಗಳೂ ಬೇರೆ ದಾರಿಯಿಲ್ಲದೆ ಜೋಳ ಮತ್ತು ಗೋವಿನಜೋಳಕ್ಕೆ ಹೊರಳಿದವು. ನಿಷೇಧ ಹೋದ ಮೇಲೂ ಜೋಳ ಹೋಗಲಿಲ್ಲ, ತಂತ್ರ ಕೈಗೆ ಹತ್ತಿತ್ತು. ಕೀನ್ಯಾದ ಕಥೆ ನಮ್ಮ ಅಧಿಕಾರಿಗಳು ಓದಬೇಕಾದ ಇನ್ನೊಂದು ಪಾಠ. ಕಳ್ಳಭಟ್ಟಿ ಕುಡಿದು ಸಾಯುವವರನ್ನು ಅದರಿಂದ ಬಿಡಿಸಲು 2004ರಲ್ಲಿ ‘ಸೆನೆಟರ್’ ಎಂಬ ಅಗ್ಗದ ಪೀಪಾಯಿ ಬಿಯರ್ ಬಂತು. ಸ್ಥಳೀಯ ಕಾಳಿನಿಂದ ಮಾಡಿದರೆ ತೆರಿಗೆ ಮಾಫಿ, ಸಾವಿರಾರು ಸಣ್ಣ ರೈತರಿಂದ ಜೋಳದ ಕರಾರು. 2013ರಲ್ಲಿ ಸರ್ಕಾರ ಇದ್ದಕ್ಕಿದ್ದಂತೆ ತೆರಿಗೆ ಹೇರಿತು. ಮಾರಾಟ ನೆಲಕಚ್ಚಿತು, ಕರಾರಿನ ಜೋಳ ಬೆಳೆದವರು ಕಂಗಾಲಾದರು. ಆಮೇಲೆ ರಿಯಾಯಿತಿಯನ್ನು ಮರಳಿ ತರಬೇಕಾಯಿತು. ತೆರಿಗೆಯಿಂದ ರೈತನಿಗೆ ಮಾರುಕಟ್ಟೆ ಕಟ್ಟಬಹುದು, ಒಂದೇ ಬಜೆಟ್ಟಿನಲ್ಲಿ ಕೆಡವಲೂಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕರ್ನಾಟಕದಲ್ಲಿ ಬಿಯರಿನ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 2023ರಲ್ಲಿ ಶೇ 175ರಿಂದ 185ಕ್ಕೆ ಏರಿ, 2025ರ ಜನವರಿಯಲ್ಲಿ ಮತ್ತೆ 195 ಆದ ರೀತಿ ನೋಡಿದರೆ, ಐದಾರು ವರ್ಷ ಬದಲಾಗದ ನಿಯಮ ಎಂಬ ಭರವಸೆಯಿಲ್ಲದೆ ಯಾವ ರೈತನೂ ಇದನ್ನು ನಂಬಬಾರದು.

ತಾಂತ್ರಿಕ ತೊಡಕುಗಳು ಇಲ್ಲವೆಂದಲ್ಲ, ಅವು ಸ್ವಾರಸ್ಯವಾಗಿಯೂ ಇವೆ. ಬಾರ್ಲಿಯ ಪಿಷ್ಟ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಸಡಿಲಾಗಿ ಸಕ್ಕರೆಯಾಗಲು ತಯಾರಾಗುತ್ತದೆ. ಜೋಳದ್ದು ಇನ್ನೂ ಹತ್ತು ಡಿಗ್ರಿ ಮೇಲಿನ ಕಾವು ಕೇಳುತ್ತದೆ. ಆ ಕಾವಿಗೆ ಪಿಷ್ಟ ಒಡೆಯುವ ಕಿಣ್ವಗಳು ಸುಸ್ತಾಗುತ್ತವೆ. ಹಾಗಾಗಿ ಜೋಳವನ್ನು ಬೇರೆಯಾಗಿ ಗಂಜಿ ಬೇಯಿಸಿ ಆಮೇಲೆ ಬಾರ್ಲಿಯ ಮಾಲ್ಟ್‌ಗೆ ಸೇರಿಸಬೇಕು. ಬಾರ್ಲಿಯ ಸಿಪ್ಪೆಯೇ ಸೋಸುವ ಜರಡಿಯಂತೆ ಕೆಲಸ ಮಾಡುತ್ತದೆ. ಒಕ್ಕಿದ ಜೋಳಕ್ಕೆ ಸಿಪ್ಪೆಯಿಲ್ಲ, ಮಡ್ಡಿ ಕಟ್ಟಿಕೊಳ್ಳುತ್ತದೆ. ಅರ್ಧಕ್ಕರ್ಧ ಎಂದು ನಾನು ಲೆಕ್ಕ ಹಾಕಿದ್ದು ಇದೇ ಕಾರಣಕ್ಕೆ, ಪೂರ್ತಿ ಜೋಳದ ಬಿಯರಿಗೆ ಇನ್ನೂ ಪಳಗಿದ ಕೈ ಬೇಕು. ಎಳೆಯ ಜೋಳದ ಸಸಿ ಮೇಯ್ದ ದನ ವಿಷವೇರಿ ಬೀಳುತ್ತದೆಂದು ಹಾವೇರಿಯ ಪ್ರತಿ ರೈತನಿಗೂ ಗೊತ್ತು. ಮೊಳಕೆ ಬಂದ ಜೋಳದ ಬೇರು–ಚಿಗುರಿನಲ್ಲೂ ಅದೇ ಸಯನೈಡಿನ ಅಂಶ ಇರುತ್ತದೆ. ಅದನ್ನು ಕಡ್ಡಾಯವಾಗಿ ಉಜ್ಜಿ ಉದುರಿಸಿ, ಕಾಯಿಸಿ ಕಳೆಯಬೇಕು. ರಾಗಿಯ ಹಾದಿ ಇದಕ್ಕಿಂತ ಸಲೀಸು. ನಮ್ಮ ಕಾಳುಗಳಲ್ಲಿ ಮೊಳಕೆ ಕಟ್ಟಲು ರಾಗಿಯೇ ಮೇಲೆಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ದಶಕಗಳ ಹಿಂದೆಯೇ ಅಧ್ಯಯನ ಮಾಡಿ ತೋರಿಸಿದೆ. ಇಂಥ ಸೂಕ್ಷ್ಮಗಳು ಇರುವುದರಿಂದಲೇ ಇದು ಕರಕುಶಲ ಬಿಯರ್ ಎನ್ನಿಸಿಕೊಳ್ಳಲು ಯೋಗ್ಯ. ಪರದೇಶದ ಮಾಲ್ಟ್ ಚೀಲದ ಬಾಯಿ ಬಿಚ್ಚಿ, ಪರದೇಶದ ಪಾಕಪಟ್ಟಿ ನೋಡಿ ಬೇಯಿಸುವುದರಲ್ಲಿ ಕುಶಲತೆ ಇರಬಹುದು, ಕಷ್ಟ ಕಡಿಮೆ.

ಇನ್ನು ನಿಜವಾದ ಆಕ್ಷೇಪಕ್ಕೆ ಬರೋಣ. ಕುಡಿತಕ್ಕೆ ರೈತನ ಹೆಸರಿನ ಸುಣ್ಣಬಣ್ಣ ಬಳಿಯಬೇಡಿ ಎನ್ನುವವರ ಮಾತಿಗೆ ತೂಕವಿದೆ. ಹೆಂಡ ಮಾರುವ ಕಾಯಕದಲ್ಲಿದ್ದುಕೊಂಡೇ ಕುಡಿಯಲು ಬಂದವರಿಗೆ ಬುದ್ಧಿ ಹೇಳಿದ ಹೆಂಡದ ಮಾರಯ್ಯನನ್ನು ಶರಣನೆಂದು ನೆನೆಯುವ ನಾಡಿದು. ಗಳಗನಾಥಕ್ಕೆ ಹತ್ತಿರದ ಚೌಡಯ್ಯದಾನಪುರದಲ್ಲಿ ನೆನಪಾಗಿ ಉಳಿದಿರುವ ಅಂಬಿಗರ ಚೌಡಯ್ಯನಂತೂ ಸೋಗನ್ನು ಸಹಿಸಿದವನಲ್ಲ. ಸಾರಾಯಿ ಪೊಟ್ಟಣಗಳು ಮನೆಗಳನ್ನು ಮುರಿದದ್ದನ್ನು ನೋಡಿಯೇ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂದವು; 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಂಗಸರು ಮದ್ಯ ನಿಷೇಧಿಸಿ ಎನ್ನುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಸಂವಿಧಾನದ 47ನೇ ವಿಧಿಯೂ ಸರ್ಕಾರ ಪಾನನಿಷೇಧದ ಕಡೆ ಸಾಗಬೇಕೆನ್ನುತ್ತದೆ. ಅತ್ತ 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಈ ಎರಡರ ನಡುವೆ ನಿಂತ ಸರ್ಕಾರಕ್ಕೆ ನೀತಿಪಾಠ ಹೇಳುವ ನೈತಿಕತೆ ಉಳಿದಿಲ್ಲ, ಆದರೆ ಆ ಹೆಂಗಸರಿಗೆ ಉಳಿದಿದೆ. ಅವರಿಗೆ ಕೊಡುವ ಉತ್ತರದಲ್ಲಿ ಚಾತುರ್ಯ ಇರಬಾರದು. ಕ್ರಾಫ್ಟ್ ಬಿಯರ್ ಆರೋಗ್ಯಕರ ಎಂದಾಗಲಿ, ಬಿಯರ್ ಬಂದರೆ ಜನ ಬ್ರಾಂದಿ ಬಿಡುತ್ತಾರೆಂದಾಗಲಿ ನಾನು ಹೇಳುವುದಿಲ್ಲ. ಪೋಲೆಂಡೇ ಅದಕ್ಕೆ ಎಚ್ಚರಿಕೆ: 1990ರ ದಶಕದಲ್ಲಿ ಅಲ್ಲಿ ವೋಡ್ಕಾದ ಜಾಗವನ್ನು ಬಿಯರ್ ಬಹುಮಟ್ಟಿಗೆ ಆಕ್ರಮಿಸಿತು, ಆದರೆ 2002ರಲ್ಲಿ ವೋಡ್ಕಾದ ಮೇಲಿನ ಸುಂಕ ಇಳಿಸಿದ ಮೇಲೆ ಒಟ್ಟು ಕುಡಿತ ಮತ್ತೆ ಏರಿತು. ಬಿಯರ್ ಗುರಾಣಿಯಾಗಲಿಲ್ಲ.

ನನ್ನ ಸಲಹೆ ಆ ಹೆಂಗಸರ ಹೋರಾಟಕ್ಕೆ ಅಡ್ಡ ಬರುವುದಿಲ್ಲ ಎಂಬುದಕ್ಕೆ ಬೇರೆ ಆಧಾರವಿದೆ. ಹೊಸ ಪರವಾನಗಿಯನ್ನು ಅದು ಕೇಳುವುದಿಲ್ಲ. ಬೆಂಗಳೂರಿನಂಥ ಕಡೆ ಈಗಾಗಲೇ ಕುದಿಯುತ್ತಿರುವ ತೊಟ್ಟಿಯೊಳಗಿನ ಕಾಳನ್ನಷ್ಟೇ ಬದಲಿಸಿ ಎನ್ನುತ್ತದೆ. ಹಳ್ಳಿಗೆ ಬರುವುದು ಮಾಲ್ಟ್ ಮಾಡುವ ಕೂಲಿ, ಕಾಳಿನ ದರ. ಬಾಟಲಿ ಬರುವುದಿಲ್ಲ. ಮದ್ಯಸಾರ ಕಡಿಮೆಯಿದ್ದಷ್ಟೂ ರಿಯಾಯಿತಿ ಹೆಚ್ಚು ಎಂಬ ಷರತ್ತು ಇಲ್ಲಿ ಮುಖ್ಯವಾಗುತ್ತದೆ. ನಮ್ಮ ದೇಶದಲ್ಲಿ ಮಾರಾಟವಾಗುವ ಬಾಟಲಿ ಬಿಯರಿನಲ್ಲಿ ಬಹುಪಾಲು ‘ಸ್ಟ್ರಾಂಗ್’. ಕೊಟ್ಟ ದುಡ್ಡಿಗೆ ಎಷ್ಟು ಅಮಲು ಎಂಬ ಲೆಕ್ಕವೇ ಕೊಳ್ಳುವವನದು, ಮಾರುವವನದು, ಕೊನೆಗೆ ಸುಂಕ ವಸೂಲಿ ಮಾಡುವವನದೂ. ಶೇ 3ರ ಗ್ರೊಜಿಸ್ಕಿಯೆ ಈ ಲೆಕ್ಕದ ಹೊರಗಿರುವ ವಸ್ತು. ಅದನ್ನು ಪುಟ್ಟ ಲೋಟದಲ್ಲಿ ತರಿಸುವವನು ಕಾಸಿಗೆ ತಕ್ಕ ಮತ್ತಿಗಾಗಿ ಬಂದಿರುವುದಿಲ್ಲ. ಹೊಗೆಯ ವಾಸನೆ, ಗೋಧಿಯ ರುಚಿ, ಆ ಊರಿನ ನೀರಿನ ಗಡುಸು, ಇವುಗಳಿಗಾಗಿ ಬಂದಿರುತ್ತಾನೆ. ಎಲ್ಲರೂ ಅವನಂತೆ ಆಗುತ್ತಾರೆಂದು ನಂಬುವ ಮುಗ್ಧತೆ ಬೇಡ. ಆದರೆ ತೆರಿಗೆ ಇಂದು ಯಾವ ಚಪಲವನ್ನು ಪೋಷಿಸುತ್ತಿದೆ, ಯಾವುದನ್ನು ಪೋಷಿಸಬಹುದಿತ್ತು ಎಂದು ಕೇಳುವ ಹಕ್ಕು ತೆರಿಗೆ ಕೊಡುವ ನಾಡಿಗಿದೆ. ಉಣ್ಣುವ ಕಾಳನ್ನು ಕುಡಿತಕ್ಕೆ ಹಾಕುವುದೇ ಎಂಬ ಇನ್ನೊಂದು ಪ್ರಶ್ನೆ ಭಾವನೆಯ ಮಟ್ಟದಲ್ಲಿ ಸರಿ. ಆದರೆ ಲಾರಿಗಟ್ಟಲೆ ಗೋವಿನಜೋಳ ಎಥೆನಾಲಾಗಿ ಕಾರಿನ ಟ್ಯಾಂಕಿಗೆ ಹೋಗುವಾಗ ಸುಮ್ಮನಿದ್ದು, ತೊಟ್ಟಿಗೊಂದು ಕ್ವಿಂಟಲ್ ಜೋಳಕ್ಕೆ ಈ ಪ್ರಶ್ನೆ ಎತ್ತುವುದು ಪ್ರಮಾಣ ತಪ್ಪಿದ ಮಾತು. ಬೆಲೆ ಸಿಗದೆ ಜೋಳ ಬಿತ್ತುವುದನ್ನೇ ಬಿಟ್ಟರೆ ರೊಟ್ಟಿಗೂ ಜೋಳ ಇರುವುದಿಲ್ಲ ಎಂಬುದನ್ನೂ ಸೇರಿಸಬಹುದು.

ಕಂಪನಿಗಳಿಂದ ಬರುವ ಆಕ್ಷೇಪ ಬೇರೆ: ಗಿರಾಕಿಗೆ ಜರ್ಮನ್ ಗೋಧಿ ಬಿಯರ್, ಬೆಲ್ಜಿಯನ್ ವಿಟ್, ಅಮೆರಿಕನ್ ಐಪಿಎ ಬೇಕು, ಜೋಳದ ಬಿಯರ್ ಯಾರು ಕೇಳುತ್ತಾರೆ? ಹದಿನೈದು ವರ್ಷದ ಹಿಂದೆ ಬೆಂಗಳೂರಿನಲ್ಲಿ ಬೆಲ್ಜಿಯನ್ ವಿಟ್ ಅನ್ನೂ ಯಾರೂ ಕೇಳುತ್ತಿರಲಿಲ್ಲ. ರುಚಿ ನೋಡುವ ಪುಟ್ಟ ಲೋಟಗಳು ಇರುವುದೇ ಅದಕ್ಕೆ, ಗೊತ್ತಿಲ್ಲದ್ದನ್ನು ದುಬಾರಿಯಾಗದಂತೆ ಪರಿಚಯ ಮಾಡಿಸಲು. ಗಿರಾಕಿಯ ನಾಲಿಗೆಯನ್ನು ಒಮ್ಮೆ ಮ್ಯೂನಿಕ್‌ಗೆ ಕರೆದೊಯ್ಯಲು ಸಾಧ್ಯವಾದವರಿಗೆ ರಾಣೆಬೆನ್ನೂರಿಗೆ ಕರೆತರುವುದು ಅಸಾಧ್ಯವಾಗಬಾರದು. ಹುಟ್ಟೂರಿನ ಹೆಸರಿನಲ್ಲೇ ಬರೆದು ಆ ಹೆಸರನ್ನು ಕನ್ನಡ ಕಾದಂಬರಿಯ ಇತಿಹಾಸಕ್ಕೆ ಸೇರಿಸಿದ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ಓದುಗರೇ ಇಲ್ಲದ ಕಾಲದಲ್ಲಿ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಓದುಗರನ್ನು ಮಾಡಿದವರು. ಬೇಡಿಕೆ ಬರಲಿ ಎಂದು ಅವರು ಕಾದು ಕೂತಿದ್ದರೆ ಅವರ ಕಾದಂಬರಿಗಳು ಗಳಗನಾಥ ದಾಟುತ್ತಿರಲಿಲ್ಲ.

ಶುರು ಎಲ್ಲಿಂದ ಎಂಬುದು ಕಷ್ಟದ ಪ್ರಶ್ನೆಯಲ್ಲ. ಮುಂಗಾರಿ ಜೋಳ ಕೊಯ್ಲಿನ ಹೊತ್ತಿಗೆ ಮಳೆ ಬಿದ್ದು ತೆನೆಗೆ ಬೂಸ್ಟು ಹಿಡಿಯುತ್ತದೆ, ಬೂಸ್ಟು ಹಿಡಿದ ಕಾಳು ಮಾಲ್ಟ್‌ಗೆ ಬರುವುದಿಲ್ಲ. ಒಣ ಹವೆಯಲ್ಲಿ ಬಲಿಯುವ ಹಿಂಗಾರಿ ಜೋಳವೇ ಇದಕ್ಕೆ ತಕ್ಕದ್ದು. ಅದರಲ್ಲೂ ಯಾವ ತಳಿಯ ಕಾಳು ಸಮನಾಗಿ ಮೊಳೆಯುತ್ತದೆ, ಯಾವುದರಲ್ಲಿ ಒಗರು ಕಡಿಮೆ, ಯಾವುದರ ಮಾಲ್ಟ್ ಸಕ್ಕರೆ ಹೆಚ್ಚು ಬಿಡುತ್ತದೆ ಎಂದು ಅಳೆದು ನೋಡಬೇಕು. ಮಾಲದಂಡಿಯಿಂದ ಹಿಡಿದು ಊರೂರಿನ ಹಳೆಯ ತಳಿಗಳವರೆಗೆ ಈ ಪಟ್ಟಿ ಮಾಡಲು ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಅಬಕಾರಿ ಇಲಾಖೆಯ ಅಪ್ಪಣೆಗೆ ಕಾಯದೆ ಮಾಡಬಹುದಾದ ಕೆಲಸ ಇದು. ಮೊದಲ ಒಂದೆರಡು ವರ್ಷ ಕೆಟ್ಟುಹೋಗುವ ಮಾಲ್ಟ್‌ನ ನಷ್ಟವನ್ನು ರೈತನ ತಲೆಗೆ ಕಟ್ಟದೆ, ರುಚಿಯ ಹೆಸರಿನಲ್ಲಿ ನೂರಾರು ರೂಪಾಯಿ ಎಣಿಸುವ ಬೆಂಗಳೂರಿನ ಮೈಕ್ರೊಬ್ರೂವರಿಗಳೇ ಭರಿಸಬೇಕು. ರಿಯಾಯಿತಿಯ ಅರ್ಜಿ ಹಿಡಿದು ಅವರು ವಿಧಾನಸೌಧಕ್ಕೆ ಬಂದಾಗ ಹಣಕಾಸು ಇಲಾಖೆ ಕೇಳಬೇಕಾದ ಮೊದಲ ಕಾಗದ ಆ ಖರ್ಚಿನ ರಸೀದಿ.